ಬಾತುಕೋಳಿಯ ಚರ್ಮ ಸುಲಿಯದ ಅಂಗಡಿ

ದಾವಣಗೆರೆಯಲ್ಲಿ ಕೋಳಿ ಅಂಗಡಿಗೇನೂ ಬರವಿಲ್ಲ. ಆದರೆ ಬಾತುಕೋಳಿ ಹಿಡಿದುಕೊಂಡು ಹೋಗಿ, "ಇಡಿಯಾಗಿ ಬೇಕು, ಚರ್ಮ ಇರಲಿ, ಪುಕ್ಕ ಮಾತ್ರ ತೆಗೆದುಕೊಡಿ" ಅಂದರೆ ನಮ್ಮ ಮುಖವನ್ನೇ ನೋಡುತ್ತಾರೆ. ಹೋದ ವರ್ಷ ಮನೆ ಹತ್ತಿರದ ಒಂದು ಅಂಗಡಿಗೆ ಕೊಟ್ಟಿದ್ದೆ. ಹೆಸರು ಬೇಡ. ಆ ಹುಡುಗ ಐದು ನಿಮಿಷ ಪುಕ್ಕ ಕಿತ್ತ. ಬೇಜಾರಾಯಿತು. ಕಾಲಿನ ಹತ್ತಿರ ಚಾಕು ಹಾಕಿ, ಅಂಗಿ ಬಿಚ್ಚಿದ ಹಾಗೆ ಚರ್ಮ ಎಳೆದು ಬಿಸಾಕಿದ. "ಅದ್ರಲ್ಲಿ ಬರೀ ಕೊಬ್ಬು ಅಂಕಲ್, ಈ ವಯಸ್ಸಲ್ಲಿ ನಿಮಗ್ಯಾಕೆ" ಅಂತ ಬುದ್ಧಿ ಬೇರೆ ಹೇಳಿದ. ಅವತ್ತು ಇಡಿಯಾಗಿ ಬೇಯಿಸಿದ್ದು ತೆಂಗಿನ ನಾರಿನ ಹಾಗಿತ್ತು. ಚರ್ಮದ ಕೆಳಗಿನ ಕೊಬ್ಬು ಕರಗಿ ಮಾಂಸಕ್ಕೆ ಇಳಿಯಬೇಕು. ಅದನ್ನೇ ಕಸಕ್ಕೆ ಹಾಕಿದರೆ ಉಳಿಯುವುದೇನು?

ಈಗ ಹೇಳುತ್ತಿರುವ ಅಂಗಡಿ ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗಿದೆ. ಬೋರ್ಡಿನಲ್ಲಿ ಹೆಸರಿಲ್ಲ. "ಬಾತುಕೋಳಿ, ನಾಟಿ ಕೋಳಿ ಸಿಗುತ್ತದೆ" ಅಂತ ಸುಣ್ಣದಲ್ಲಿ ಬರೆದಿದ್ದಾರೆ, ಅಷ್ಟೇ. ಗಂಡ ಕೊಯ್ಯುತ್ತಾನೆ, ಹೆಂಡತಿ ಪುಕ್ಕ ತೆಗೆಯುತ್ತಾಳೆ. ನಿಜವಾದ ಕೆಲಸ ಆಕೆಯದು. ಗಲ್ಲಾದಲ್ಲಿ ಕೂತು ದುಡ್ಡು ಎಣಿಸುವುದು ಮಾತ್ರ ಆತ.

ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಎಲ್ಲಿಗೆ ಹೋದರೂ ಮೊದಲು ಕಣ್ಣು ಹೋಗುವುದು ಮಷಿನ್ ಕಡೆಗೆ. ಇಲ್ಲೂ ಎಲ್ಲ ಕಡೆ ಇರುವಂಥದ್ದೇ ಡ್ರಮ್ಮು: ಒಳಗೆ ಸುತ್ತಲೂ ರಬ್ಬರ್ ಬೆರಳುಗಳು, ಕೆಳಗೆ ತಿರುಗುವ ತಟ್ಟೆ, ಬೆಲ್ಟು, ಮೋಟರು. ಬಾಯ್ಲರ್ ಕೋಳಿಗೆ ಅಂತ ಮಾಡಿದ್ದು. ಬಾತುಕೋಳಿಯನ್ನು ಕೋಳಿಯಷ್ಟು ಹೊತ್ತು ಅದರಲ್ಲಿ ಬಿಟ್ಟರೆ ರೆಕ್ಕೆ ಮುರಿಯುತ್ತದೆ, ಎದೆಯ ಚರ್ಮ ಹರಿಯುತ್ತದೆ. ಆಕೆ ಮೊದಲು ರೆಕ್ಕೆ ಮತ್ತು ಬಾಲದ ದೊಡ್ಡ ಗರಿಗಳನ್ನು ಇಕ್ಕಳದಿಂದ ಒಂದೊಂದಾಗಿ ಕೀಳುತ್ತಾಳೆ. ಆಮೇಲೆ ಬಿಸಿ ನೀರು. ಆಮೇಲೆ ಡ್ರಮ್ಮಿಗೆ ಹಾಕಿ ಬಾಯಲ್ಲೇ ಇಪ್ಪತ್ತರವರೆಗೆ ಎಣಿಸಿ ಸ್ವಿಚ್ ಆಫ್. ಉಳಿದದ್ದೆಲ್ಲ ಕೈಯಲ್ಲೇ.

ಬಿಸಿ ನೀರಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಬಾತುಕೋಳಿ ಇಡೀ ದಿನ ನೀರಲ್ಲಿದ್ದರೂ ಒದ್ದೆಯಾಗುವುದಿಲ್ಲ, ನೋಡಿದ್ದೀರಲ್ವಾ? ಬಾಲದ ಬುಡದಲ್ಲಿ ಒಂದು ಎಣ್ಣೆ ಗಂಟು ಇರುತ್ತದೆ. ಅದರ ಎಣ್ಣೆಯನ್ನು ಕೊಕ್ಕಿನಿಂದ ತೆಗೆದು ಮೈಗೆಲ್ಲ ಹಚ್ಚಿಕೊಳ್ಳುತ್ತದೆ. ಸಾಲದ್ದಕ್ಕೆ ಮೇಲಿನ ಪುಕ್ಕದ ಕೆಳಗೆ ಹತ್ತಿಯಂಥ ತುಪ್ಪಳ ಬೇರೆ. ಸುಮ್ನೆ ಬಿಸಿ ನೀರಿಗೆ ಅದ್ದಿ ತೆಗೆದರೆ ನೀರು ಮೇಲಿಂದಲೇ ಜಾರಿ ಹೋಗುತ್ತದೆ, ಚರ್ಮ ಮುಟ್ಟುವುದೇ ಇಲ್ಲ. ಆಕೆ ನೀರಿಗೆ ಪಾತ್ರೆ ತೊಳೆಯುವ ಸೋಪಿನ ನೀರು ನಾಲ್ಕು ಹನಿ ಬಿಡುತ್ತಾಳೆ. ಕೋಲಿನಿಂದ ಅದುಮಿ, ಅಲ್ಲಾಡಿಸಿ, ತಿರುಗಿಸಿ ಎರಡು ಮೂರು ನಿಮಿಷ ಬಿಡುತ್ತಾಳೆ. ಕುದಿಯುವ ನೀರಲ್ಲ. ನಾನು ಒಂದು ಸಲ ಮನೆಯಿಂದ ಥರ್ಮಾಮೀಟರ್ ಒಯ್ದು ನೋಡಿದೆ, 63 ಡಿಗ್ರಿ ಇತ್ತು. ಕುದಿಯುವ ನೀರಿಗೆ ಹಾಕಿದರೆ ಚರ್ಮ ಅಲ್ಲೇ ಬೆಂದು, ಪುಕ್ಕದ ಜೊತೆ ಕಿತ್ತು ಬರುತ್ತದೆ. ಆಕೆಗೆ ಥರ್ಮಾಮೀಟರ್ ಬೇಕಾಗಿಲ್ಲ. ಒಂದು ಪುಕ್ಕ ಎಳೆದು ನೋಡುತ್ತಾಳೆ. ಸಲೀಸಾಗಿ ಬಂದರೆ ಆಯಿತು.

"ಯಜಮಾನ್ರೆ, ಡಾಕ್ಟರಿಕಿ ಯಾವಾಗ ಶುರು ಮಾಡಿದ್ರಿ?" ಅಂತ ನನ್ನ ಥರ್ಮಾಮೀಟರ್ ನೋಡಿ ನಕ್ಕಳು.

ಈ ಕೆಲಸ ನನಗೆ ಹೊಸದಲ್ಲ. ನಮ್ಮಜ್ಜನ ಊರು ಸೂಳೆಕೆರೆ ಹತ್ತಿರ. ನಾನು ಏಳೆಂಟು ವರ್ಷದವನಿದ್ದಾಗ, 1970ರ ಆಸುಪಾಸಿನಲ್ಲಿ, ಚಳಿಗಾಲಕ್ಕೆ ಕೆರೆಗೆ ಬರುವ ಕಾಡುಬಾತನ್ನು ಅಜ್ಜ ಹೊಡೆದು ತರುತ್ತಿದ್ದ. ಅವನು ಬಿಸಿ ನೀರು ಮುಟ್ಟಿಸುತ್ತಲೇ ಇರಲಿಲ್ಲ. ಮೈ ಬಿಸಿ ಆರುವ ಮುಂಚೆ ಬೇವಿನ ಮರದ ಕೆಳಗೆ ಕೂತು ಒಣ ಪುಕ್ಕವನ್ನೇ ಕೀಳುತ್ತಿದ್ದ. ಎಡಗೈಯಲ್ಲಿ ಚರ್ಮವನ್ನು ಬಿಗಿ ಹಿಡಿದು, ಬಲಗೈಯಲ್ಲಿ ಎರಡೋ ಮೂರೋ ಪುಕ್ಕ. ಹಿಡಿ ತುಂಬ ಎಳೆದರೆ ಚರ್ಮ ಹರಿಯಿತು ಅಂತಲೇ ಲೆಕ್ಕ. ನಾನು ಹಾಗೆ ಎಳೆದಾಗಲೆಲ್ಲ ತಲೆಗೆ ಒಂದು ಬೀಳುತ್ತಿತ್ತು. ಆಮೇಲೆ ಭತ್ತದ ಹುಲ್ಲಿನ ಉರಿಯಲ್ಲಿ ತುಪ್ಪಳ ಸುಟ್ಟು, ಅರಿಶಿನ ತಿಕ್ಕಿ ತೊಳೆಯುತ್ತಿದ್ದ. ಕೋವಿಯ ಚರೆ, ಅಂದರೆ ಸಣ್ಣ ಗುಂಡು, ಹೊಕ್ಕ ತೂತುಗಳನ್ನು ಬೆರಳಲ್ಲೇ ಹುಡುಕುತ್ತಿದ್ದ. ಚರೆಯ ಜೊತೆ ಪುಕ್ಕವೂ ಮಾಂಸದೊಳಗೆ ಹೋಗಿರುತ್ತದೆ, ಅದನ್ನು ತೆಗೆಯದಿದ್ದರೆ ಅಲ್ಲಿ ವಾಸನೆ ಕೂರುತ್ತದೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಕೋವಿ ಅಟ್ಟ ಸೇರಿತು. ಈಗ ಕೊಂಡಜ್ಜಿ ಕೆರೆಗೆ ಮೊಮ್ಮಗಳನ್ನು ಕರೆದುಕೊಂಡು ಹೋಗಿ ಕಾಡುಬಾತನ್ನು ದೂರದಿಂದ ತೋರಿಸುತ್ತೇನೆ. ನೋಡಲಿಕ್ಕೂ ಚೆಂದವೇ ಇವೆ, ಆಗ ಯಾರು ಗಮನಿಸಿದ್ದರು?

ಹೋದ ತಿಂಗಳು ನಾನು ಅಂಗಡಿಯಲ್ಲಿ ಇರುವಾಗಲೇ ಬೈಕಿನಲ್ಲಿ ಬಂದ ಒಬ್ಬ, "ಕೆರೆ ಬಾತು ಸಿಗುತ್ತಾ?" ಅಂತ ಪಿಸುಗುಟ್ಟಿದ. "ಜೈಲಿಗೆ ಹೋಗೋ ಆಸೆ ಇದ್ರೆ ನೀವೇ ಹೋಗ್ರಿ, ನಮ್ಮನ್ಯಾಕೆ ಎಳೀತೀರಿ" ಅಂದ ಗಂಡ. ಆ ಒಂದು ಮಾತಿಗೆ ಆತನ ಮೇಲೂ ಗೌರವ ಬಂತು. ಇವರು ಮಾರುವುದು ಸಾಕಿದ ಬಾತು ಮಾತ್ರ. ಭದ್ರಾ ನಾಲೆಯ ಕಡೆ ಗದ್ದೆ ಕೊಯ್ಲಾದ ಮೇಲೆ ಹಿಂಡು ಮೇಯಿಸಲು ಬರುತ್ತಾರಲ್ಲ, ಅವರ ಹತ್ತಿರ ಕೊಂಡುಕೊಳ್ಳುತ್ತಾರಂತೆ. ಹಾಗಾಗಿ ಕೆಲವು ಸಲ ಮೊಟ್ಟೆ ನಿಂತ ಮುದಿ ಬಾತು ಸಿಗುತ್ತದೆ. ಕೇಳಿದರೆ ಸುಳ್ಳು ಹೇಳುವುದಿಲ್ಲ. ಕೇಳದಿದ್ದರೆ ತಾವಾಗಿ ಹೇಳುವುದೂ ಇಲ್ಲ.

ಆರಿಸುವಾಗ ಎದೆಯ ಪುಕ್ಕವನ್ನು ಹಿಂದಕ್ಕೆ ಸರಿಸಿ ಚರ್ಮ ನೋಡಿ. ಕರೀ ಚುಕ್ಕೆಗಳು ತುಂಬಿದ್ದರೆ ಬೇಡ ಅನ್ನಿ. ಅವು ಆಗ ತಾನೇ ಹುಟ್ಟುತ್ತಿರುವ ಪುಕ್ಕದ ಬುಡಗಳು. ಮಷಿನ್‌ಗೆ ಸಿಗುವುದಿಲ್ಲ, ಉರಿಗೂ ಪೂರ್ತಿ ಸುಡುವುದಿಲ್ಲ. ಹಿಸುಕಿದರೆ ಶಾಯಿಯಂಥದ್ದು ಬರುತ್ತದೆ. ಬಿಳೀ ಬಾತಿನಲ್ಲೂ ಇರುತ್ತವೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ನನ್ನ ಮೊದಲ ಬಾತು ಪೂರ್ತಿ ಇಂಥದ್ದೇ. ಆಕೆ ಮುಕ್ಕಾಲು ಗಂಟೆ ಕೂತು, ಚಾಕುವಿನ ಬೆನ್ನು ಮತ್ತು ಹೆಬ್ಬೆರಳ ನಡುವೆ ಹಿಡಿದು ಒಂದೊಂದೇ ಎಳೆದಳು. ಕ್ಲೀನಿಂಗ್‌ಗೆ ತೆಗೆದುಕೊಂಡದ್ದು 100 ರೂಪಾಯಿ. ಅದರಲ್ಲಿ ಚೌಕಾಸಿ ಮಾಡುವವರನ್ನೂ ಅಲ್ಲೇ ನೋಡಿದೆ. ನಾಚಿಕೆಯಾಗಬೇಕು.

ಮೇಣದ ಉಪಾಯವನ್ನು ನಾನೇ ಹೇಳಿಕೊಟ್ಟೆ. ಬಿಸಿ ನೀರಿನ ಮೇಲೆ ಮೇಣದಬತ್ತಿ ಕರಗಿಸಿ, ಪುಕ್ಕ ತೆಗೆದ ಬಾತನ್ನು ಅದ್ದಿ, ತಣ್ಣೀರಿಗೆ ಹಾಕಿದರೆ ಮೇಣ ಗಟ್ಟಿಯಾಗುತ್ತದೆ. ಸಿಪ್ಪೆಯಂತೆ ಸುಲಿದರೆ ತುಪ್ಪಳವೂ ಅದರ ಜೊತೆ ಬರುತ್ತದೆ. ಮನೆಯಲ್ಲಿ ಮಾಡಿ ನೋಡಿದ್ದೇನೆ, ಚೆನ್ನಾಗಿ ಬರುತ್ತದೆ. "ಒಂದು ಬಾತಿಗೆ ಎಷ್ಟು ಮೇಣದಬತ್ತಿ ಯಜಮಾನ್ರೆ?" ಅಂದಳು. ಆರು ಅಂದೆ. ಸುಮ್ಮನಾದಳು.

ಕೊರತೆಗಳೂ ಇವೆ. ಮೊದಲ ಸಲ ಬಾಲದ ಎಣ್ಣೆ ಗಂಟು ತೆಗೆದಿರಲಿಲ್ಲ. ಮನೆಗೆ ಬಂದು ನಾನೇ ಕತ್ತರಿಸಿದೆ. ಅದು ಉಳಿದರೆ ಇಡೀ ಪಾತ್ರೆಗೆ ಒಂಥರಾ ವಾಸನೆ. ಗಂಡನಿಗೆ ಹೊಟ್ಟೆ ಸೀಳುವ ತಾಳ್ಮೆ ಕಡಿಮೆ. ಹಿಂಭಾಗದಲ್ಲಿ ಸಣ್ಣದಾಗಿ ಕೊಯ್ದು ಕೈ ಹಾಕಿ ತೆಗೆಯುವ ಬದಲು ಎದೆವರೆಗೆ ಸೀಳುತ್ತಾನೆ. ಇಡಿಯಾಗಿ ಬೇಯಿಸುವವರು ಮೊದಲೇ ಹೇಳಬೇಕು. ಬೆನ್ನಿಗಂಟಿದ ಶ್ವಾಸಕೋಶವನ್ನೂ ಅರ್ಧ ಬಿಟ್ಟಿರುತ್ತಾನೆ. ಒಂದು ಸಲ ಪಿತ್ತ ಒಡೆದು ಲಿವರ್ ಹಾಳಾಯಿತು. ಭಾನುವಾರ ಹೋದರೆ ಒಂದೂವರೆ ಗಂಟೆ ಕಾಯಬೇಕು, ಕೂರಲು ಜಾಗವಿಲ್ಲ. ಬಿಲ್ಲು ಕೇಳಬೇಡಿ. ಡಬ್ಬಿ ನೀವೇ ಒಯ್ಯಿರಿ, ಇಲ್ಲದಿದ್ದರೆ ತೆಳು ಕವರಿನಲ್ಲಿ ಕಟ್ಟಿ ಕೊಡುತ್ತಾರೆ, ದಾರಿಯಲ್ಲೇ ಸೋರುತ್ತದೆ.

ಆದರೂ ಮೂರನೇ ಬಾತು ಬಂದಾಗ ಎಲ್ಲ ಮರೆತೆ. ಎಲ್ಲೂ ಒಂದು ಹರಕು ಇಲ್ಲ. ಕುತ್ತಿಗೆಯ ಚರ್ಮವನ್ನೂ ಉದ್ದ ಬಿಟ್ಟಿದ್ದರು, ಮಡಚಿ ಹೊಲಿಯಲಿಕ್ಕೆ ಆಯಿತು. ಉಪ್ಪು, ಮೆಣಸು ತಿಕ್ಕಿ ಒಂದು ರಾತ್ರಿ ಫ್ರಿಜ್ಜಿನಲ್ಲಿ ಮುಚ್ಚದೆ ಇಟ್ಟೆ. ಬೆಳಿಗ್ಗೆ ಚರ್ಮ ಕಾಗದದ ಹಾಗೆ ಒಣಗಿತ್ತು. ಕೊಬ್ಬು ಇಳಿಯಲಿ ಅಂತ ಚರ್ಮಕ್ಕೆ ಮಾತ್ರ ಸೂಜಿಯಲ್ಲಿ ಅಲ್ಲಲ್ಲಿ ಚುಚ್ಚಿದೆ. ಹೊಟ್ಟೆಗೆ ಈರುಳ್ಳಿ, ಬೆಳ್ಳುಳ್ಳಿ ತುಂಬಿ, ದಪ್ಪ ತಳದ ಪಾತ್ರೆಯಲ್ಲಿಟ್ಟು, ಮುಚ್ಚಳದ ಮೇಲೆ ಕೆಂಡ ಹಾಕಿದೆ. ಎರಡು ಗಂಟೆಗೆ ಚರ್ಮ ಕೆಂಪಗಾಗಿ ಗರಿಗರಿ ಆಯಿತು. ತಳದಲ್ಲಿ ಒಂದು ಲೋಟ ಕೊಬ್ಬು ನಿಂತಿತ್ತು. ಮರುದಿನ ಅದರಲ್ಲೇ ಮಂಡಕ್ಕಿ ಒಗ್ಗರಣೆ ಹಾಕಿದೆ. ಮನೆಯಾಕೆ ಮೂಗು ಮುಚ್ಚಿಕೊಂಡೇ ಬಂದು ಎರಡು ತಟ್ಟೆ ತಿಂದಳು.

ಬರುವ ಭಾನುವಾರಕ್ಕೆ ಒಂದು ಜೋಡಿ ಹೇಳಿ ಬಂದಿದ್ದೇನೆ. ಆಕೆಯ ಇಕ್ಕಳದ ಹಲ್ಲು ಸವೆದು ಜಾರುತ್ತದೆ. ಡಿಪೋದ ಕಾಲದ ನನ್ನ ಮೂತಿ ಇಕ್ಕಳ ಮನೆಯಲ್ಲಿ ಸುಮ್ನೆ ಬಿದ್ದಿದೆ, ಒಯ್ದು ಕೊಟ್ಟುಬಿಡಬೇಕು.