ಎಕ್ಸ್‌ಚೇಂಜ್ ಕಾರ್ಡಾ, ಎನ್‌ಸಿಎಸ್ಸಾ, ಆರ್‌ಸೆಟಿಯಾ? ಮೂರನ್ನೂ ನೋಡಿದ ಮೇಲೆ

ಫ್ಯಾಕ್ಟರಿ ಕೆಲಸ ಹೋದ ಮೇಲೆ ಸಲಹೆಗೇನೂ ಬರ ಇರಲಿಲ್ಲ. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ, ಅಂದರೆ ಸರ್ಕಾರದ ಉದ್ಯೋಗ ವಿನಿಮಯ ಕಚೇರಿಯಲ್ಲಿ, ಹೆಸರು ಬರೆಸು ಅಂದರು ಒಬ್ಬರು. ಎನ್‌ಸಿಎಸ್ ಅನ್ನುವ ಕೆಲಸ ಹುಡುಕುವ ವೆಬ್‌ಸೈಟಿನಲ್ಲಿ ಹಾಕು ಅಂದರು ಇನ್ನೊಬ್ಬರು. ಬ್ಯಾಂಕುಗಳು ನಡೆಸುವ ಸ್ವಂತ ಉದ್ಯೋಗದ ತರಬೇತಿ ಕೇಂದ್ರ ಆರ್‌ಸೆಟಿಗೆ ಹೋಗು ಅಂದವರೂ ಇದ್ದರು. ಮೂರೂ ಪುಕ್ಕಟೆ ಅಲ್ವಾ, ಮೂರನ್ನೂ ಮಾಡಿ ನೋಡಿದೆ.

ಎಕ್ಸ್‌ಚೇಂಜ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಮಾರ್ಕ್ಸ್ ಕಾರ್ಡ್, ಆಧಾರ್, ಜಾತಿ ಪ್ರಮಾಣಪತ್ರ ಕೊಟ್ಟರೆ ಹೆಸರು ಸೇರುತ್ತದೆ. ಕಾರ್ಡ್ ಬಂತು ಅಂದರೆ ಕೆಲಸ ಬಂತು ಅಂತ ನಮ್ಮ ಮನೆಯ ಹಿರಿಯರು ಈಗಲೂ ನಂಬಿದ್ದಾರೆ. ಆದರೆ 1959ರಲ್ಲಿ ಬಂದ ಕಾಯ್ದೆ ಕಂಪನಿಗಳಿಗೆ ಹೇಳಿದ್ದು ಖಾಲಿ ಜಾಗ ಇದ್ದರೆ ತಿಳಿಸಿ ಅಂತ ಅಷ್ಟೇ. ಎಕ್ಸ್‌ಚೇಂಜ್ ಕಳಿಸಿದವರನ್ನೇ ತಗೊಳ್ಳಬೇಕು ಅಂತ ಅದರಲ್ಲಿ ಇರಲಿಲ್ಲ. ನನಗೆ ಅಲ್ಲಿಂದ ಆದ ಉಪಕಾರ ಅಂದರೆ ಉದ್ಯೋಗ ಮೇಳದ ಸುದ್ದಿ. ಮೇಳಕ್ಕೆ ಬಯೋಡೇಟಾದ ಹತ್ತಾರು ಪ್ರತಿ ಇಟ್ಟುಕೊಂಡು ಹೋಗಿ, ಒಂದೆರಡು ಸಾಲದು.

ಎನ್‌ಸಿಎಸ್ ಅಂದರೆ ನ್ಯಾಷನಲ್ ಕೆರಿಯರ್ ಸರ್ವೀಸ್, ಕೇಂದ್ರ ಕಾರ್ಮಿಕ ಸಚಿವಾಲಯದ ಪೋರ್ಟಲ್, 2015ರಲ್ಲಿ ಶುರುವಾದದ್ದು. ಊರು, ಓದು, ಅನುಭವ ಹಾಕಿ ಕೆಲಸ ಹುಡುಕಬಹುದು. ಕ್ಯೂ ನಿಲ್ಲುವ ಕೆಲಸ ಇಲ್ಲ. ಎಕ್ಸ್‌ಚೇಂಜಿಗಿಂತ ಇದು ವಾಸಿ, ಏಕೆಂದರೆ ಕರೆ ಬರಲಿ ಅಂತ ಕಾಯದೆ ನಾವೇ ಅರ್ಜಿ ಹಾಕಬಹುದು. ಪ್ರೊಫೈಲಿನಲ್ಲಿ ಸುಮ್ನೆ 'ಡಿಪ್ಲೊಮಾ' ಅಂತ ಬಿಡಬೇಡಿ, ಯಾವ ಮೆಷಿನ್ ಓಡಿಸಿದ್ದೀರಿ ಅಂತ ಬರೆಯಿರಿ. ಹಾಗೆ ಬರೆದ ಮೇಲೆ ಬಂದ ಕರೆಗಳೇ ಬೇರೆ ಥರ ಇದ್ದವು. ಒಂದು ಎಚ್ಚರಿಕೆ: ಪೋರ್ಟಲಿನ ಹೆಸರು ಹೇಳಿಕೊಂಡು ಒಬ್ಬ ಫೋನ್ ಮಾಡಿ 'ರಿಜಿಸ್ಟ್ರೇಷನ್ ಫೀಸ್' ಕೇಳಿದ. ಎನ್‌ಸಿಎಸ್‌ನಲ್ಲಿ ಕೆಲಸ ಹುಡುಕುವವರಿಗೆ ಫೀಸೇ ಇಲ್ಲ.

ಇನ್ನು ಆರ್‌ಸೆಟಿ. ನನ್ನ ಮಟ್ಟಿಗೆ ಗೆದ್ದದ್ದು ಇದೇ. ಇದರ ಮೂಲ ನಮ್ಮ ಉಜಿರೆಯಲ್ಲಿ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ರುಡ್‌ಸೆಟ್ ಅನ್ನುವ ತರಬೇತಿ ಸಂಸ್ಥೆ ಶುರು ಮಾಡಿದರು. ಅದೇ ಮಾದರಿಯಲ್ಲಿ ಆಮೇಲೆ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳು ಆರ್‌ಸೆಟಿ ನಡೆಸುತ್ತಿವೆ. ಊಟ, ವಸತಿ, ಪಾಠ ಎಲ್ಲ ಉಚಿತ.

ನಾನು ಸೇರಿದ್ದು ಮೋಟಾರ್ ರೀವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ, 30 ದಿನದ ಕೋರ್ಸ್. ಸುಟ್ಟ ಕಾಯಿಲ್ ಕತ್ತರಿಸುವ ಮುಂಚೆ ಎಷ್ಟು ಸುತ್ತು, ತಂತಿಯ ಗೇಜ್ (ದಪ್ಪ) ಎಷ್ಟು, ಕನೆಕ್ಷನ್ ಹೇಗೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಸುತ್ತು ಕಮ್ಮಿಯಾದರೆ ಮೋಟಾರ್ ಜಾಸ್ತಿ ಕರೆಂಟ್ ಎಳೆದು ಬಿಸಿಯಾಗುತ್ತದೆ. ಕಾಯಿಲ್ ಕೂರುವ ಸಂದಿಗೆ (ಸ್ಲಾಟ್) ಇನ್ಸುಲೇಷನ್ ಪೇಪರ್ ಕೂರಿಸಿ, ಹೊಸ ಕಾಯಿಲ್ ಇಳಿಸಿ, ವಾರ್ನಿಶ್ ಹಾಕಿ ಒಣಗಿಸುವುದು. ಕೊನೆಗೆ ಸೀರೀಸ್ ಲ್ಯಾಂಪ್, ಅಂದರೆ ಪರೀಕ್ಷೆ ಮಾಡುವ ಬಲ್ಬ್, ಹಿಡಿಯುವುದು. ಕಾಯಿಲಿಗೂ ಬಾಡಿಗೂ ನಡುವೆ ಹಿಡಿದಾಗ ಬಲ್ಬ್ ಹತ್ತಿದರೆ ಎಲ್ಲೋ ತಂತಿ ಬಾಡಿಗೆ ತಾಗಿದೆ ಅಂತ ಅರ್ಥ, ಮತ್ತೆ ಬಿಚ್ಚಿ. ಮೇಷ್ಟ್ರು ಬೈಯುತ್ತಲೂ ಇರಲಿಲ್ಲ, ಬಿಡುತ್ತಲೂ ಇರಲಿಲ್ಲ. ಇದರ ಮುಂಚೆ ಸರ್ಕಾರದ ದುಡ್ಡಿನಲ್ಲಿ ನಡೆಯುವ ಬೇರೊಂದು ಖಾಸಗಿ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿ ಇಡೀ ಕ್ಲಾಸಿಗೆ ಒಂದೇ ಮೆಷಿನ್, ಹಾಜರಿ ಹಾಕಿಸಿ ಫೋಟೊ ತೆಗೆಯುವುದರಲ್ಲೇ ಬೆಳಗ್ಗೆ ಮುಗಿಯುತ್ತಿತ್ತು. ಹಾಗಾಗಿ ಯಾವ ಕೋರ್ಸಿಗೇ ಸೇರಿ, ಮೊದಲು ವರ್ಕ್‌ಶಾಪ್ ಒಳಗೆ ಒಂದು ಸುತ್ತು ಹಾಕಿ ಬನ್ನಿ.

ಆರ್‌ಸೆಟಿಯಲ್ಲಿ ಕೊರತೆಯೇ ಇಲ್ಲ ಅಂತಲ್ಲ. ಅದು ಮುಖ್ಯವಾಗಿ ಸ್ವಂತ ಉದ್ಯೋಗಕ್ಕೆ ಅಂತ ಮಾಡಿದ್ದು. ತಿಂಗಳ ಸಂಬಳದ ಕೆಲಸ ಕೊಡಿಸುತ್ತಾರೆ ಅಂತ ಬಂದ ಹುಡುಗರು ನಮ್ಮ ಬ್ಯಾಚಿನಲ್ಲೂ ಇದ್ದರು, ಬೇಜಾರಾಗಿ ಹೋದರು. ಲೆಕ್ಕ ಬರೆಯುವುದು, ಗಿರಾಕಿ ಹತ್ತಿರ ರೇಟ್ ಮಾತಾಡುವುದು, ಬ್ಯಾಂಕಿಗೆ ಪ್ರಾಜೆಕ್ಟ್ ರಿಪೋರ್ಟ್ ಬರೆಯುವುದು ಎಲ್ಲ ಹೇಳಿಕೊಡುತ್ತಾರೆ. ಮುಗಿದ ಮೇಲೂ ಎರಡು ವರ್ಷ ವಿಚಾರಿಸುತ್ತಿರುತ್ತಾರೆ. ಆದರೆ ಸಾಲ ಸಿಗುವುದು ಬಿಡುವುದು ಬ್ಯಾಂಕಿನ ಕೈಯಲ್ಲಿ. ಸಣ್ಣ ಉದ್ಯೋಗಕ್ಕೆ ಕೊಡುವ ಮುದ್ರಾ ಯೋಜನೆಯಲ್ಲಿ 'ಶಿಶು' ಅನ್ನುವ ಸಾಲ 50,000 ರೂಪಾಯಿವರೆಗೆ, ಅಡಮಾನ ಬೇಡ. ಹಳೇ ಇಎಂಐ ಬಾಕಿ ಇದ್ದರೆ ಅದನ್ನು ಮೊದಲು ತೀರಿಸಿಕೊಳ್ಳಿ.

ಈಗಲೂ ಕೆಲಸದಲ್ಲಿದ್ದು ತಿಂಗಳು ರಜೆ ಸಿಗದವರಿಗೆ ಆರ್‌ಸೆಟಿ ಕೋರ್ಸ್ ಆಗದ ಮಾತು. ಅಂಥವರು ಕೇಂದ್ರದ ಕೌಶಲ ತರಬೇತಿ ಯೋಜನೆ ಪಿಎಂಕೆವಿವೈಯಲ್ಲಿ ಆರ್‌ಪಿಎಲ್ (ಮೊದಲೇ ಕಲಿತ ಕೆಲಸಕ್ಕೆ ಮಾನ್ಯತೆ) ವಿಚಾರಿಸಿ. ಕೆಲಸ ಗೊತ್ತಿದ್ದು ಸರ್ಟಿಫಿಕೇಟ್ ಇಲ್ಲದವರಿಗಾಗಿಯೇ ಅದು ಇರುವುದು. ಚಿಕ್ಕ ತರಬೇತಿ, ಆಮೇಲೆ ಪರೀಕ್ಷೆ. ನನ್ನ ಜೊತೆಗಿದ್ದ ವೆಲ್ಡರ್ ಒಬ್ಬರು ಅದನ್ನೇ ಮಾಡಿಸಿಕೊಂಡರು.