ಬೆರಳಿಗೆ ಬೇರೆ ಕೆಲಸ: ಕೂದಲು ಕೀಳುವ ಮಗುವಿಗೆ ಸಿಕ್ಕ ತರಬೇತಿಯ ಬಗ್ಗೆ

ಮೈಸೂರಿನ ಒಂದು ಖಾಸಗಿ ಮಕ್ಕಳ ಮಾರ್ಗದರ್ಶನ ಕೇಂದ್ರದಲ್ಲಿ ನನ್ನ ಹತ್ತು ವರ್ಷದ ಮಗಳಿಗೆ ಅಕ್ಟೋಬರ್‌ನಿಂದ ಫೆಬ್ರುವರಿಯವರೆಗೆ ಹತ್ತು ಭೇಟಿಗಳಲ್ಲಿ ದೊರೆತ ತರಬೇತಿಯನ್ನೂ, ಅದರ ಜೊತೆಜೊತೆಗೆ ನಾವು ಕೊಂಡ ಒಂದೆರಡು ವಸ್ತುಗಳನ್ನೂ ಕುರಿತು ಇಲ್ಲಿ ಬರೆಯುತ್ತಿದ್ದೇನೆ. ಹೊಗಳುವುದರ ಜೊತೆಗೆ ದೂರುವುದೂ ಇರುವುದರಿಂದ, ಅದಕ್ಕಿಂತ ಹೆಚ್ಚಾಗಿ ಇದು ಮಗಳ ಗುಟ್ಟೂ ಆಗಿರುವುದರಿಂದ, ಕೇಂದ್ರದ ಹೆಸರನ್ನು ಬಿಟ್ಟಿದ್ದೇನೆ. ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುವುದಾದರೆ, ತರಬೇತಿಗೆ ಕೊಟ್ಟ ಹಣ ಸಾರ್ಥಕವಾಯಿತು, ಕಂಪಿಸುವ ಕೈಪಟ್ಟಿಗೆ ಕೊಟ್ಟದ್ದು ಮುಕ್ಕಾಲು ಪಾಲು ದಂಡವಾಯಿತು, ಆಟಿಕೆಗಳ ಪೆಟ್ಟಿಗೆಗಿಂತ ಅವರೆಕಾಯಿ ಮೇಲೆನಿಸಿತು.

ಜಡೆ ಹಾಕುವಾಗ ಮೊದಲು ಕಂಡದ್ದು ನನ್ನ ಹೆಂಡತಿಗೆ. ನೆತ್ತಿಯಿಂದ ಸ್ವಲ್ಪ ಬಲಕ್ಕೆ ಹತ್ತು ರೂಪಾಯಿಯ ನಾಣ್ಯಕ್ಕಿಂತ ತುಸು ದೊಡ್ಡದಾದ ಜಾಗದಲ್ಲಿ ಕೂದಲು ಇರಲಿಲ್ಲ. ನಮ್ಮ ಅಮ್ಮ ನೋಡಿ, ಹುಳು ತಿಂದಿದೆ ಎಂದು ತೀರ್ಮಾನಿಸಿ ಒಂದು ವಾರ ಬೆಳ್ಳುಳ್ಳಿ ತಿಕ್ಕಿದರು. ಉರಿ ತಾಳಲಾರದೆ ಮಗು ಅತ್ತದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಆಮೇಲೆ ನಂಜನಗೂಡಿನ ಶ್ರೀಕಂಠೇಶ್ವರನಿಗೆ ಮುಡಿ ಕೊಡುತ್ತೇವೆಂದು ಹರಕೆ ಹೊತ್ತರು. ಚರ್ಮರೋಗ ತಜ್ಞರ ಬಳಿಗೆ ಹೋದದ್ದು ಅದಕ್ಕೂ ಹದಿನೈದು ದಿನಗಳ ನಂತರ. ಅವರು ಭೂತಗನ್ನಡಿಯಂಥ ದೀಪದ ಉಪಕರಣವನ್ನು ತಲೆಗೆ ಹಿಡಿದು ನೋಡಿ, ನನ್ನನ್ನೂ ಬಗ್ಗಿ ನೋಡಲು ಹೇಳಿದರು. ತಾನಾಗಿ ಕೂದಲು ಉದುರುವ ಕಾಯಿಲೆಯಲ್ಲಿ ಆ ಜಾಗ ಸಾಮಾನ್ಯವಾಗಿ ದುಂಡಗೆ, ನುಣ್ಣಗೆ ಇರುತ್ತದಂತೆ. ಇಲ್ಲಿ ಅಂಚು ಅಂಕುಡೊಂಕಾಗಿತ್ತು, ಒಳಗೆ ಒಂದು ಕೂದಲು ಸಾಸಿವೆಯಷ್ಟು, ಪಕ್ಕದ್ದು ಅಕ್ಕಿಕಾಳಿನಷ್ಟು, ಮತ್ತೊಂದು ಬೆರಳಿನ ಗಿಣ್ಣಿನಷ್ಟು ಉದ್ದವಿದ್ದು, ಕುರಿ ಮೇಯ್ದ ಹೊಲದಂತೆ ಕಾಣುತ್ತಿತ್ತು. ವೈದ್ಯರು ಮಗಳನ್ನು ಗದರದೆ, ನನ್ನನ್ನು ಹೊರಗೆ ಕಳಿಸದೆ, "ಕೈ ತಾನಾಗಿ ಅಲ್ಲಿಗೆ ಹೋಗುತ್ತಾ ಪುಟ್ಟಿ?" ಎಂದಷ್ಟೇ ಕೇಳಿದರು. ಅವಳು ತಲೆಯಾಡಿಸಿದಳು.

ಇದಕ್ಕೆ ಟ್ರೈಕೋಟಿಲೊಮೇನಿಯಾ ಎಂಬ ಹೆಸರಿದೆ. 1889ರಲ್ಲಿ ಹ್ಯಾಲೊಪೊ ಎಂಬ ಫ್ರೆಂಚ್ ಚರ್ಮವೈದ್ಯ ಇಟ್ಟ ಈ ಹೆಸರಿನಲ್ಲಿರುವ 'ಮೇನಿಯಾ' ಎಂಬ ಪದವೇ ತಂದೆತಾಯಿಯರನ್ನು ಅರ್ಧ ಕೊಲ್ಲುತ್ತದೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದು 1987ರಲ್ಲಿ ಸೇರಿತು, 2013ರ ಪರಿಷ್ಕರಣೆಯಲ್ಲಿ ಗೀಳಿನ ಕಾಯಿಲೆಗಳ ಸಾಲಿಗೆ ಬಂತು. ನೂರಕ್ಕೆ ಒಬ್ಬರಿಬ್ಬರಲ್ಲಿ ಇರುತ್ತದೆ, ಹೆಚ್ಚಾಗಿ ಮೈನೆರೆಯುವ ವಯಸ್ಸಿನ ಆಸುಪಾಸಿನಲ್ಲಿ ಶುರುವಾಗುತ್ತದೆ ಎಂದು ತಿಳಿದಾಗ, ನಮ್ಮ ಬೀದಿಯಲ್ಲೇ ಇನ್ನೂ ಒಂದೆರಡು ಮನೆಗಳಲ್ಲಿ ಇದೇ ಗುಟ್ಟು ಇರಬಹುದು ಎಂದು ಒಂದು ಬಗೆಯ ಸಮಾಧಾನವಾಯಿತು. ವೈದ್ಯರು ಇನ್ನೊಂದು ಪ್ರಶ್ನೆ ಕೇಳಿದರು: ಕಿತ್ತ ಕೂದಲನ್ನು ನುಂಗುತ್ತಾಳೆಯೇ? ಕೂದಲು ಹೊಟ್ಟೆಯಲ್ಲಿ ಜೀರ್ಣವಾಗದೆ ಉಂಡೆಗಟ್ಟಿ ಕೆಲವೊಮ್ಮೆ ಕರುಳಿನೊಳಗೂ ಬಾಲದಂತೆ ಇಳಿಯುತ್ತದೆ, ಆಗ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ನಮ್ಮ ಮಗಳು ನುಂಗುತ್ತಿರಲಿಲ್ಲ. ಆದರೆ ಈ ಪ್ರಶ್ನೆಯನ್ನು ಎಲ್ಲರೂ ಕೇಳಿಸಿಕೊಳ್ಳಬೇಕು. ಹೊಟ್ಟೆನೋವು, ವಾಂತಿ, ಊಟ ಸೇರದಿರುವುದು ಇದ್ದರೆ ತರಬೇತಿಗೆ ಮೊದಲು ಹೊಟ್ಟೆಯನ್ನು ತೋರಿಸಬೇಕು.

ಕೇಂದ್ರದ ಮೊದಲ ಭೇಟಿಯಲ್ಲಿ ಮಗಳಿಗಿಂತ ಹೆಚ್ಚು ಪಾಠ ನಮಗೇ ಆಯಿತು. ಮನಶ್ಶಾಸ್ತ್ರಜ್ಞೆ ನಮ್ಮಿಬ್ಬರನ್ನು ಕೂರಿಸಿಕೊಂಡು, "ದಿನಕ್ಕೆ ಎಷ್ಟು ಸಲ 'ಕೈ ತೆಗಿ' ಅನ್ನುತ್ತೀರಿ?" ಎಂದು ಕೇಳಿದರು. ನಾನು ನಾಲ್ಕೈದು ಸಲ ಎಂದೆ. ಮನೆಗೆ ಹೋಗಿ ಒಂದು ಸಂಜೆ ಎಣಿಸಿ ಎಂದರು. ಎಣಿಸಿದರೆ, ಅಮ್ಮನದನ್ನೂ ಸೇರಿಸಿ, ಐದೂವರೆಯಿಂದ ಒಂಬತ್ತರ ಒಳಗೆ ಇಪ್ಪತ್ತಾರು ಸಲ ಆಗಿತ್ತು. ಅಂದಿನಿಂದ ಆ ಮಾತು ಮನೆಯಲ್ಲಿ ನಿಷೇಧವಾಯಿತು. ಬೈದಷ್ಟೂ ಮಗು ಕೀಳುವುದನ್ನು ಬಿಡುವುದಿಲ್ಲ, ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಕೀಳುತ್ತದೆ ಎಂದು ಅವರು ಹೇಳಿದಾಗ ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಮ್ಮ ಬಚ್ಚಲಿನ ತೂಬಿನಲ್ಲಿ ಕೂದಲು ಕಟ್ಟಿಕೊಳ್ಳುತ್ತಿದ್ದುದಕ್ಕೆ ಕಾರಣ ಅಂದು ತಿಳಿಯಿತು. ಮುಡಿ ಕೊಡುವ ವಿಷಯವನ್ನೂ ಕೇಳಿದೆವು. ದೇವರ ಹರಕೆಗೆ ತಮ್ಮ ಅಡ್ಡಿಯಿಲ್ಲ, ಆದರೆ ಚಿಕಿತ್ಸೆಯೆಂದು ತಿಳಿದು, ಅದೂ ಮಗು ಒಪ್ಪದೆ ಬೋಳಿಸಿದರೆ ಅವಳಿಗೆ ಅದು ಶಿಕ್ಷೆಯಾಗಿಯೇ ಉಳಿಯುತ್ತದೆ, ಕೂದಲು ಬಂದ ಮೇಲೆ ಕೈಯೂ ಬರುತ್ತದೆ ಎಂದರು. ಅಮ್ಮ ಹರಕೆಯನ್ನು ಬೆಳ್ಳಿಯ ಕಣ್ಣಿಗೆ ಬದಲಾಯಿಸಿಕೊಂಡರು.

ಎರಡನೆಯ ಮತ್ತು ಮೂರನೆಯ ಭೇಟಿಗಳು ಪೂರ್ತಿ ಗಮನಿಸುವುದಕ್ಕೇ ಮೀಸಲು. ಈ ಸೇವೆಯ ಜೀವಾಳ ಇಲ್ಲಿಯೇ ಇದೆ ಎಂದು ನನಗೆ ಅನಿಸುತ್ತದೆ, ಯಾಕೆಂದರೆ ಅಲ್ಲಿಯವರೆಗೆ ನಮ್ಮ ಮಗಳ ಕೈಯನ್ನು ನಾವು ನೋಡುತ್ತಿದ್ದೆವು, ಅವಳು ನೋಡುತ್ತಿರಲಿಲ್ಲ. ಕನ್ನಡಿಯ ಮುಂದೆ ಕೂರಿಸಿ, ಕೀಳದೆ, ಕೀಳುವ ಹಾಗೆ ನಿಧಾನವಾಗಿ ಮಾಡಿ ತೋರಿಸಲು ಹೇಳಿದರು. ಅವಳು ತೋರಿಸಿದ್ದನ್ನು ಕಂಡು ನಾನು ಬೆರಗಾದೆ. ಮೊದಲು ಮೊಣಕೈಯನ್ನು ಮೇಜಿನ ಮೇಲೆ ಊರುತ್ತಾಳೆ. ಕೈ ಕೆನ್ನೆಗೆ, ಕೆನ್ನೆಯಿಂದ ಕಿವಿಯ ಹಿಂದಕ್ಕೆ, ಅಲ್ಲಿಂದ ನೆತ್ತಿಗೆ ಏರುತ್ತದೆ. ಹೆಬ್ಬೆರಳು ಮತ್ತು ತೋರುಬೆರಳು ಕೂದಲುಗಳ ನಡುವೆ ಹುಡುಕುತ್ತಾ ಹೋಗಿ, ಉಳಿದವುಗಳಿಗಿಂತ ಒರಟಾದ, ಸುರುಳಿಯಾದ ಒಂದನ್ನು ಆರಿಸುತ್ತವೆ. ಕಿತ್ತ ಮೇಲೆ ಬುಡದ ಬಿಳಿಯ ಗುಳ್ಳೆಯನ್ನು ತುಟಿಯ ಮೇಲೆ ಒಂದು ಸಲ ಆಡಿಸಿ ಕೆಳಗೆ ಬಿಡುತ್ತಾಳೆ. ನೋವಾಗುವುದಿಲ್ಲವೇ ಎಂದರೆ, ಇಲ್ಲ, 'ಟಕ್' ಅನ್ನುತ್ತದೆ, ಆಮೇಲೆ ಹಾಯಾಗುತ್ತದೆ ಎಂದಳು. ಕೆರೆತವೇ ಎಂದು ಕೇಳಿದ್ದಕ್ಕೆ, "ಕೆರೆತ ಅಲ್ಲ, ಸೆಳೆತ" ಎಂದಳು. ಆ ಪದವನ್ನೇ ಮುಂದೆ ಎಲ್ಲರೂ ಬಳಸಿದೆವು. ಒಂದು ವಾರ ಬರೆದಿಟ್ಟ ದಿನಚರಿಯಿಂದ ಎರಡು ಸಂಗತಿಗಳು ಹೊರಬಂದವು: ಮಂಚದ ಮೇಲೆ ಒರಗಿ ಓದುವಾಗ ಮತ್ತು ಗಣಿತದ ಮನೆಪಾಠ ಮಾಡುವಾಗ ಕೈ ಮೇಲೇರುತ್ತಿತ್ತು, ಆಟವಾಡುವಾಗ, ಊಟ ಮಾಡುವಾಗ ಒಮ್ಮೆಯೂ ಇಲ್ಲ.

ಇದಾದ ಮೇಲೆ ಕೈಗೆ ಎದುರು ಕೆಲಸ ಕಲಿಸಿದರು. ನೇಥನ್ ಅಜ್ರಿನ್ ಮತ್ತು ಗ್ರೆಗರಿ ನನ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು 1973ರಲ್ಲಿ ರೂಪಿಸಿದ ವಿಧಾನವಂತೆ ಇದು. ಸೆಳೆತ ಬಂದಾಗ, ಅಥವಾ ಕೈ ಕಿವಿಯ ಹಿಂದಕ್ಕೆ ಹೋಗಿದೆಯೆಂದು ಗೊತ್ತಾದಾಗ, ಕೀಳುವುದಕ್ಕೆ ಆಗದಂಥ ಇನ್ನೊಂದು ಕೆಲಸವನ್ನು ಅದೇ ಕೈ ಒಂದು ನಿಮಿಷ ಮಾಡಬೇಕು. ನಮ್ಮವಳು ಹೆಬ್ಬೆರಳನ್ನು ಒಳಗೆ ಮಡಿಸಿ ಮುಷ್ಟಿ ಕಟ್ಟಿ ತೊಡೆಯ ಮೇಲೆ ಒತ್ತಿಕೊಳ್ಳುವುದನ್ನು ಆರಿಸಿಕೊಂಡಳು, ತರಗತಿಯಲ್ಲಿ ಯಾರಿಗೂ ಕಾಣುವುದಿಲ್ಲ ಎಂಬ ಕಾರಣಕ್ಕೆ. ಇದರ ಜೊತೆಗೆ ಮಂಚದ ಓದು ಬಂದ್ ಆಯಿತು, ಮನೆಪಾಠ ಊಟದ ಮೇಜಿಗೆ ಬಂತು, ಗಣಿತದ ಅರ್ಧ ಗಂಟೆ ಮಾತ್ರ ಎರಡು ಬೆರಳುಗಳಿಗೆ ಬ್ಯಾಂಡೇಜ್ ಪಟ್ಟಿ. ಪಟ್ಟಿ ಸುತ್ತಿದ ಬೆರಳಿಗೆ ಒರಟು ಕೂದಲು, ನಯ ಕೂದಲು ಎಂಬ ಭೇದ ತಿಳಿಯುವುದಿಲ್ಲ. ಆರಿಸಲು ಆಗದಿದ್ದರೆ ಕೀಳುವ ರುಚಿಯೂ ಹೋಗುತ್ತದೆ. ಐದನೆಯ ವಾರದ ಹೊತ್ತಿಗೆ ಮೇಜಿನ ಕೆಳಗೆ ಗುಡಿಸಿದಾಗ ಸಿಗುವ ಕೂದಲು ಎಣಿಸುವಷ್ಟಕ್ಕೆ ಇಳಿಯಿತು.

ಬೆರಳುಗಳಿಗೆ ಆಟ ಬೇಕೆಂದು ಕೇಂದ್ರದವರೇ ಒಂದು ಪೆಟ್ಟಿಗೆ ಮಾರುತ್ತಾರೆ, ಬೆಲೆ 850 ರೂಪಾಯಿ. ಅದರಲ್ಲಿ ಮುಳ್ಳುಮುಳ್ಳಿನ ರಬ್ಬರ್ ಚೆಂಡು, ಗುಂಡಿ ಒತ್ತುವ ಸಿಲಿಕೋನ್ ಹಾಳೆ, ಸುರುಳಿ ಉಂಗುರ, ಜಿಗುಟು ಹಿಟ್ಟು ಇದ್ದವು. ಎರಡು ದಿನದ ಸಂಭ್ರಮ ಮುಗಿದ ಮೇಲೆ ಅವೆಲ್ಲ ಸೋಫಾದ ಸಂದಿ ಸೇರಿದವು. ಡಿಸೆಂಬರ್‌ನಲ್ಲಿ ಸೊಗಡಿನ ಅವರೆ ಬಂದಾಗ ಅಮ್ಮ ಎಂದಿನಂತೆ ಕಾಳು ನೆನೆಸಿಟ್ಟು, ಬೆಳಗ್ಗೆ ಬೇಸಿನ್ನು ಮುಂದಿಟ್ಟುಕೊಂಡು ಕುಳಿತರು. ಮಗಳೂ ಪಕ್ಕದಲ್ಲಿ ಕುಳಿತಳು. ಅವರೆ ಹಿದುಕುವುದನ್ನು ಬಲ್ಲವರಿಗೆ ಗೊತ್ತು: ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕಾಳನ್ನು ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಚಿಮ್ಮುತ್ತದೆ. ಅವೇ ಎರಡು ಬೆರಳು, ಅದೇ ಹುಡುಕಾಟ, ಅದೇ 'ಟಕ್'. ಒಂದೂವರೆ ಗಂಟೆ ಅವಳ ಕೈ ತಲೆಯ ಹತ್ತಿರ ಸುಳಿಯಲಿಲ್ಲ. ಮುಂದಿನ ಶನಿವಾರ ಇದನ್ನು ಹೇಳಿದಾಗ ಮನಶ್ಶಾಸ್ತ್ರಜ್ಞೆ ನಕ್ಕು, ಪೆಟ್ಟಿಗೆಯ ಉದ್ದೇಶವೂ ಅದೇ, ನಿಮ್ಮ ತಾಯಿಯವರದು ಇನ್ನೂ ಚೆನ್ನಾಗಿದೆ ಎಂದು ಟಿಪ್ಪಣಿಯಲ್ಲಿ ಬರೆದುಕೊಂಡರು. ಸಂಕ್ರಾಂತಿಯವರೆಗೆ ನಮ್ಮ ಮನೆಯಲ್ಲಿ ಹಿದುಕಿದಬೇಳೆ ಸಾರು ವಾರಕ್ಕೆ ಮೂರು ಸಲ, ನಾನು ಗೊಣಗಲಿಲ್ಲ. ಕಾಲ ಮುಗಿದ ಮೇಲೆ ಹುರಿದ ಕಡಲೆಕಾಯಿ ಬೀಜದ ಸಿಪ್ಪೆ ಉಜ್ಜಿ ತೆಗೆಯುವುದು ಅದರ ಜಾಗಕ್ಕೆ ಬಂದಿದೆ. ಒಂದೇ ತೊಂದರೆ, ಇದನ್ನು ಶಾಲೆಗೆ ಒಯ್ಯುವ ಹಾಗಿಲ್ಲ.

ಕೈಪಟ್ಟಿಯ ವಿಷಯ ಬೇಗ ಮುಗಿಸುತ್ತೇನೆ. ಕೈ ತಲೆಯತ್ತ ಏರುವ ಭಂಗಿಯನ್ನು ಮೊದಲೇ ಅದಕ್ಕೆ ಕಲಿಸಿಕೊಟ್ಟರೆ, ಮುಂದೆ ಕೈ ಹಾಗೆ ಏರಿದಾಗಲೆಲ್ಲ ಗುಂಯ್ ಎಂದು ಮೆಲ್ಲಗೆ ನಡುಗುತ್ತದೆ. ಯೋಚನೆ ಒಳ್ಳೆಯದೇ, ಯಾಕೆಂದರೆ ಅರಿವಿಲ್ಲದೆ ಕೀಳುವ ಹೊತ್ತಿನಲ್ಲಿ ಅರಿವು ಮೂಡಿಸುವುದೇ ತರಬೇತಿಯ ಮೊದಲ ಮೆಟ್ಟಿಲು. ಆದರೆ ನಮ್ಮದು ತಲೆ ಬಾಚಿದರೂ ನಡುಗಿತು, ಕನ್ನಡಕ ಸರಿಮಾಡಿಕೊಂಡರೂ ನಡುಗಿತು. ಶಾಲೆಯಲ್ಲಿ ಯಾವ ಗಡಿಯಾರಕ್ಕೂ ಅನುಮತಿ ಇರಲಿಲ್ಲ. ಮೂರನೆಯ ವಾರದಲ್ಲಿ ಮಗಳು ಅದಕ್ಕೆ ಪೊಲೀಸ್ ಎಂದು ಹೆಸರಿಟ್ಟು, ಪಟ್ಟಿಯಿಲ್ಲದ ಎಡಗೈಯಿಂದ ಕೀಳಲು ಶುರುಮಾಡಿದಳು. ಇನ್ನೊಂದು ಕೊಂಡು ಎರಡು ಕೈಗೂ ಕಟ್ಟಬಹುದಿತ್ತು. ಮಗುವಿಗೆ ಕೋಳ ತೊಡಿಸಿದಂತೆ ಕಂಡೀತೆಂದು ಬಿಟ್ಟೆವು. ತಾನೇ ಬೇಕೆಂದು ಕೇಳುವ ಕಾಲೇಜು ವಯಸ್ಸಿನವರಿಗೆ, ವಾಹನ ಓಡಿಸುವಾಗ ಅಥವಾ ಕಂಪ್ಯೂಟರ್ ಮುಂದೆ ಕೀಳುವವರಿಗೆ ಇದು ಉಪಯೋಗಕ್ಕೆ ಬಂದೀತು. ಹತ್ತು ವರ್ಷದ ಮಗುವಿಗೆ ಅಪ್ಪ ಕಟ್ಟಿದ ಪಟ್ಟಿ, 'ಕೈ ತೆಗಿ' ಎಂಬ ಮಾತಿನ ಬ್ಯಾಟರಿ ಹಾಕಿದ ರೂಪ.

ಕೇಂದ್ರದ ಮೇಲೆ ನನಗಿರುವ ದೂರುಗಳು ಚಿಕಿತ್ಸೆಯ ಬಗ್ಗೆ ಅಲ್ಲ, ನಡೆಸುವ ರೀತಿಯ ಬಗ್ಗೆ. ನಲವತ್ತೈದು ನಿಮಿಷದ ಒಂದು ಭೇಟಿಗೆ 1,200 ರೂಪಾಯಿ, ಹತ್ತಕ್ಕೆ 12,000. ಇದನ್ನು ಮೊದಲೇ ಹೇಳುವುದರಿಂದ ಅದರಲ್ಲಿ ಮೋಸವಿಲ್ಲ. ಆದರೆ ದಿನಚರಿಯ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದಲ್ಲಿ ಓದುವ ಹುಡುಗಿಗೆ, ಸಂಜೆಯೆಲ್ಲ ಅವಳ ಜೊತೆಗಿರುವ ಅಜ್ಜಿಗೆ ಅದು ಯಾವ ಪ್ರಯೋಜನಕ್ಕೆ? ಕೊನೆಗೆ ನಾನೇ ಒಂದು ರಾತ್ರಿ ಕುಳಿತು 'ಎಲ್ಲಿದ್ದೆ, ಏನು ಮಾಡುತ್ತಿದ್ದೆ, ಸೆಳೆತ ಎಷ್ಟು ಜೋರು, ಕೈ ಏನು ಮಾಡಿತು' ಎಂದು ನಾಲ್ಕು ಕಾಲಮುಗಳನ್ನು ಕನ್ನಡದಲ್ಲಿ ಎಳೆದುಕೊಟ್ಟೆ. ಆರನೆಯ ಭೇಟಿಗೆ ಹೋದಾಗ ನಮಗೆ ತಿಳಿಸದೆಯೇ ಬೇರೊಬ್ಬ ತರಬೇತಿನಿರತರನ್ನು ಕೂರಿಸಿದ್ದರು. ಕೆಟ್ಟವರಲ್ಲ, ಆದರೆ ಮೊದಲಿನಿಂದ ಎಲ್ಲವನ್ನೂ ಹೇಳಬೇಕಾಗಿ ಬಂದು ಮಗು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಕುಳಿತುಬಿಟ್ಟಳು. ಆ ದಿನದ ಹಣ ಹಿಂದಿರುಗಿಸಲಿಲ್ಲ.

ಮಾತ್ರೆ ಕೊಡುವುದಿಲ್ಲವೇ ಎಂದು ಕೇಳುವವರು ನಮ್ಮಲ್ಲಿ ಬಹಳ. ಔಷಧ ಅಂಗಡಿಯಿಟ್ಟಿರುವ ನನ್ನ ಭಾವ ಎನ್-ಅಸಿಟೈಲ್‌ಸಿಸ್ಟೀನ್ ಎಂಬುದನ್ನು ಸೂಚಿಸಿದ್ದ. ವಯಸ್ಕರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದರಿಂದ ಗುಣ ಕಂಡದ್ದು ನಿಜ, ಆದರೆ 2013ರಲ್ಲಿ ಮಕ್ಕಳ ಪ್ರಯೋಗದ ಫಲಿತಾಂಶ ಬಂದಾಗ ಬರಿಯ ಸಕ್ಕರೆ ಮಾತ್ರೆಗಿಂತ ಮೇಲೆನಿಸಲಿಲ್ಲ ಎಂದು ಕೇಂದ್ರದ ಮನೋವೈದ್ಯರು ವಿವರಿಸಿದರು. ಮಾರಲು ಅವಕಾಶವಿದ್ದೂ ಮಾರದಿದ್ದ ಆ ನಡವಳಿಕೆಯಿಂದ ನನಗೆ ಅವರಲ್ಲಿ ನಂಬಿಕೆ ಹೆಚ್ಚಿತು. ಇಷ್ಟು ಹಣ ಹೊಂದಿಸಲಾಗದವರು ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಿಭಾಗವನ್ನು ವಿಚಾರಿಸಬಹುದು. ಮೊದಲ ಮಾತಿಗೆ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ.

ಈಗಿನ ಸ್ಥಿತಿ ಹೀಗಿದೆ. ಬೋಳಾಗಿದ್ದ ಜಾಗದಲ್ಲಿ ಎರಡು ಅಂಗುಲ ಕೂದಲು ಗರಿಕೆಯ ಹಾಗೆ ನೆಟ್ಟಗೆ ನಿಂತಿದೆ, ಜಡೆಗೆ ಸಿಗುವುದಿಲ್ಲ, ಎಣ್ಣೆ ಹಾಕಿ ಪಿನ್ನು ಚುಚ್ಚಿ ಮಲಗಿಸಬೇಕು. ಹೊಸ ಕೂದಲು ಮೊಳೆಯುವಾಗ ಚುಚ್ಚುವಂತಿದ್ದು, ಬೆರಳಿಗೆ ಒರಟಾಗಿಯೇ ಸಿಗುವುದರಿಂದ ಸೆಳೆತ ಇನ್ನಷ್ಟು ಜೋರಾಗುತ್ತದೆಂಬುದನ್ನು ಕೇಂದ್ರದವರು ಮುಂಚಿತವಾಗಿ ಹೇಳಬೇಕಿತ್ತು, ಹೇಳಲಿಲ್ಲ. ಮಾರ್ಚ್‌ನ ಪರೀಕ್ಷೆಯ ವಾರದಲ್ಲಿ ಅವಳು ಮತ್ತೆ ಕಿತ್ತಳು, ಬಟಾಣಿಯಷ್ಟು ಜಾಗ. ಈ ಸಲ ತಾನೇ ಬಂದು ತೋರಿಸಿದಳು, ಬಚ್ಚಲಿನ ಚಿಲಕ ಹಾಕಿಕೊಳ್ಳಲಿಲ್ಲ. ಹನ್ನೊಂದನೆಯ ಭೇಟಿಗೆ ಹೆಸರು ಬರೆಸಿದ್ದೇವೆ, ಮೊದಲಿನ ಮನಶ್ಶಾಸ್ತ್ರಜ್ಞೆಯೇ ಬೇಕೆಂದು ಹೇಳಿ. ಅಂಥ ಕೇಂದ್ರಗಳಿಗೆ ಹೋಗುವವರು ಶನಿವಾರದ ಸರದಿ ಬೇಕಾದರೆ ಸೋಮವಾರ ಬೆಳಗ್ಗೆಯೇ ಫೋನ್ ಮಾಡಬೇಕು. ಮಗು ಟೋಪಿ ಹಾಕಿಕೊಂಡೇ ಬರುತ್ತೇನೆಂದರೆ ಬರಲಿ. ನಾವು ಹೋದಲ್ಲಿ ಅದನ್ನು ತೆಗೆ ಎಂದು ಯಾರೂ ಹೇಳಲಿಲ್ಲ, ಮೂರನೆಯ ಭೇಟಿಯಲ್ಲಿ ಅವಳೇ ತೆಗೆದು ಮೇಜಿನ ಮೇಲಿಟ್ಟಳು.