ಕೋಲ್ಡ್ ಕ್ರೀಮಿಗೆ ಯಾವ ಮೇಣ, ಯಾವ ಎಣ್ಣೆ?

ಮುಖದ ಬಣ್ಣ ಒರೆಸಲು, ಚರ್ಮ ಮೃದುವಾಗಿಡಲು ಹಚ್ಚುವ ಹಳೆಯ ಕಾಲದ ಕೋಲ್ಡ್ ಕ್ರೀಮಿಗೆ ಬೇಕಾದದ್ದು ನಾಲ್ಕೇ ಸಾಮಾನು: ಜೇನುಮೇಣ, ಎಣ್ಣೆ, ನೀರು, ಚೂರು ಬಿಳಿಗಾರ (ಬೋರಾಕ್ಸ್). ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಹೆಸರಿನಲ್ಲಿ ನಡೆದುಬಂದ ಪಾಕದಲ್ಲಿ ಬಿಳಿಗಾರವೂ ಇರಲಿಲ್ಲ; ಮೇಣವನ್ನು ಗುಲಾಬಿ ಎಣ್ಣೆಯಲ್ಲಿ ಕರಗಿಸಿ ನೀರು ಬೆರೆಸುತ್ತಿದ್ದರು. ಆ ಮಿಶ್ರಣ ಬಹಳ ದಿನ ಒಗ್ಗೂಡಿ ನಿಲ್ಲುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬಿಳಿಗಾರ ಸೇರಿಕೊಂಡ ಮೇಲೆ ಕ್ರೀಮು ಡಬ್ಬಿಯಲ್ಲಿ ಸ್ಥಿರವಾಗಿ ಕೂತಿತು.

ಮೇಣ, ಎಣ್ಣೆಗಳನ್ನು ಅದಲುಬದಲು ಮಾಡಿ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಎಣ್ಣೆ ಅಭಿರುಚಿಯ ಪ್ರಶ್ನೆ, ಮೇಣ ಕ್ರೀಮಿನ ಹಣೆಬರಹದ ಪ್ರಶ್ನೆ. ಎಲ್ಲದಕ್ಕೂ ಒಂದೇ ಅಳತೆ ಇಟ್ಟುಕೊಂಡೆ. ಮೇಣ 15 ಗ್ರಾಂ, ಎಣ್ಣೆ 55, ನೀರು 29, ಬಿಳಿಗಾರ 1 ಗ್ರಾಂ. ಮೇಣ ಮತ್ತು ಎಣ್ಣೆ ಒಂದು ಪಾತ್ರೆಯಲ್ಲಿ, ಬಿಳಿಗಾರ ಕರಗಿಸಿದ ನೀರು ಇನ್ನೊಂದರಲ್ಲಿ. ಎರಡನ್ನೂ ಕುದಿನೀರಿನ ಮೇಲಿಟ್ಟು ಸುಮಾರು 70 ಡಿಗ್ರಿಗೆ ತಂದು, ನೀರನ್ನು ಎಣ್ಣೆಗೆ ಸಣ್ಣ ಧಾರೆಯಾಗಿ ಸುರಿಯುತ್ತಾ ಕಲಕಬೇಕು.

ಮೊದಲನೆಯದು ಸಾಕಣೆ ಪೆಟ್ಟಿಗೆಯ ಮೆಲ್ಲಿಫೆರಾ ಎಂಬ ಯುರೋಪಿನ ತಳಿಯ ಜೇನಿನ ಮೇಣ, ಹಳದಿ ಕಾಳುಗಳ ರೂಪದಲ್ಲಿ ಸಿಗುತ್ತದೆ. ನೀರಿನ ಧಾರೆ ಬಿದ್ದು ಚಮಚ ಎರಡು ಸುತ್ತು ತಿರುಗುವಷ್ಟರಲ್ಲಿ, ಹೊನ್ನಿನ ಬಣ್ಣದ ತಿಳಿ ಎಣ್ಣೆ ಗಟ್ಟಿ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಮೇಣದೊಳಗಿನ ಆಮ್ಲ ಬಿಳಿಗಾರದ ಕ್ಷಾರದೊಡನೆ ಸೇರಿ ಪಾತ್ರೆಯಲ್ಲೇ ಸಾಬೂನಾಗುತ್ತದೆ; ಎಣ್ಣೆಯನ್ನೂ ನೀರನ್ನೂ ಹಿಡಿದು ನಿಲ್ಲಿಸುವುದು ಆ ಸಾಬೂನು. ಆರುವವರೆಗೆ ಕೈಬಿಡದೆ ಕಲಕಿದರೆ ನಯವಾದ, ಹೊಳಪಿನ ಕ್ರೀಮು.

ಎರಡನೆಯದು ಮಲೆನಾಡಿನಿಂದ ತರಿಸಿದ ಹೆಜ್ಜೇನಿನ ಮೇಣ. ಬಣ್ಣ ಕಂದು, ಹೊಗೆಯ ವಾಸನೆ, ಮೃದು. ನೋಡಿದರೆ ಪ್ರೀತಿ ಹುಟ್ಟಿಸುವಂಥದ್ದು. ಕ್ರೀಮು ಅಂದು ಚೆನ್ನಾಗಿಯೇ ಕಂಡಿತು. ಮರುದಿನ ಬೆರಳಿಗೆ ರವೆ ರವೆಯಾಗಿ ತಾಗಿತು. ಕಾರಣ ಸ್ಪಷ್ಟ. ಮೆಲ್ಲಿಫೆರಾ ಮೇಣದ ಆಮ್ಲಾಂಕ (ಮೇಣದಲ್ಲಿ ಎಷ್ಟು ಆಮ್ಲವಿದೆ ಎಂದು ತೋರಿಸುವ ಸಂಖ್ಯೆ) 17ರಿಂದ 24, ನಮ್ಮ ಹೆಜ್ಜೇನಿನದು ಅದರ ಅರ್ಧಕ್ಕಿಂತಲೂ ಕಡಿಮೆ. ವಿಲಾಯತಿ ಪಾಕದ ಒಂದು ಗ್ರಾಂ ಬಿಳಿಗಾರಕ್ಕೆ ಇಲ್ಲಿ ಕೆಲಸವೇ ಸಾಲದು, ಉಳಿದದ್ದು ಹರಳುಗಟ್ಟುತ್ತದೆ. ಬಿಳಿಗಾರವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದಾಗ ರವೆ ಮಾಯವಾಯಿತು, ಆದರೆ ಸಾಬೂನು ಕಡಿಮೆಯಾದ್ದರಿಂದ ಡಬ್ಬಿಯೊಳಗೆ ಕ್ರೀಮಿನ ಮೇಲೆ ನೀರಿನ ಹನಿಗಳು ಕೂತವು. ಹಾಗೆಂದು ಹೆಜ್ಜೇನಿನ ಮೇಣವನ್ನು ತಳ್ಳಿಹಾಕಬೇಡಿ. ನೀರು, ಬಿಳಿಗಾರ ಎರಡನ್ನೂ ಬಿಟ್ಟು, ಒಂದು ಪಾಲು ಮೇಣಕ್ಕೆ ನಾಲ್ಕು ಪಾಲು ಎಣ್ಣೆ ಹಾಕಿ ಒಡೆದ ಹಿಮ್ಮಡಿಗೆ ಮುಲಾಮು ಮಾಡಿದರೆ ಕಾಳು ಮೇಣ ಅದರ ಹತ್ತಿರವೂ ಬರುವುದಿಲ್ಲ.

ಮೂರನೆಯದು ಮೇಣದಬತ್ತಿಯ ಪ್ಯಾರಾಫಿನ್. ಅದರಲ್ಲಿ ಆಮ್ಲವೇ ಇಲ್ಲ, ಸಾಬೂನೂ ಆಗುವುದಿಲ್ಲ. ಎಣ್ಣೆ ಮೇಲೆ, ನೀರು ಕೆಳಗೆ. ಇದರಿಂದ ಒಂದು ಉಪಕಾರವಂತೂ ಆಯಿತು: ಜೇನುಮೇಣವೆಂದು ಕೊಂಡ ಕಾಳು ಬಿಳಿಗಾರದ ನೀರಿಗೆ ಬೆಳ್ಳಗಾಗಲು ಹಟ ಮಾಡಿದರೆ ಪ್ಯಾರಾಫಿನ್ ಬೆರಕೆಯ ಅನುಮಾನ ಪಡಬಹುದು. ಹಳೆಯ ಇಂಗ್ಲಿಷ್ ಪಾಕಗಳು ಇವೆಲ್ಲದರ ಜೊತೆಗೆ ತಿಮಿಂಗಿಲದ ತಲೆಯಿಂದ ತೆಗೆದ ಮೇಣವನ್ನೂ ಕೇಳುತ್ತವೆ. ಅದರ ಬದಲಿಗೆ ಈಗ ಹೊಹೊಬಾ ಎಂಬ ಮರುಭೂಮಿಯ ಪೊದೆಯ ಬೀಜದ ಎಣ್ಣೆ ಹೇಳುತ್ತಾರೆ. ಬೆಲೆ ನೋಡಿ ನಾನು ಅಲ್ಲಿಗೇ ಕೈಬಿಟ್ಟೆ.

ಎಣ್ಣೆಗಳಲ್ಲಿ ಬಾದಾಮಿಗೆ ನನ್ನ ಮತ. ಹಗುರ, ವಾಸನೆಯಿಲ್ಲ, ಕಣ್ಣಿನ ಕಾಡಿಗೆಯನ್ನು ಒಂದೇ ಸಲಕ್ಕೆ ಒರೆಸಿ ತೆಗೆಯುತ್ತದೆ. ದೋಷವೆಂದರೆ ಬೇಗ ಕಮಟು ಹಿಡಿಯುವುದು. ಕಾರ್ಖಾನೆಗಳು ಖನಿಜ ತೈಲಕ್ಕೆ ಜಾರಿದ್ದು ಇದೇ ಕಾರಣಕ್ಕೆ. ಅದೇ ತೈಲ ಔಷಧಿ ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಾಫಿನ್ ಹೆಸರಿನಲ್ಲಿ ಸಿಗುತ್ತದೆ; ಅದನ್ನು ಹಾಕಿದರೆ ಕ್ರೀಮು ಅಂಗಡಿಯದರಷ್ಟೇ ಬೆಳ್ಳಗೆ ಬರುತ್ತದೆ, ಕಮಟು ಹಿಡಿಯುವುದಿಲ್ಲ, ಮುಖದ ಮೇಲೆ ಮಾತ್ರ ಸುಮ್ಮನೆ ಕೂತಿರುತ್ತದೆ. ಕೊಬ್ಬರಿ ಎಣ್ಣೆ ಕರಗುವುದು ಸುಮಾರು 24 ಡಿಗ್ರಿಯಲ್ಲಿ. ಹಾಗಾಗಿ ಬೆಂಗಳೂರಿನ ಜನವರಿಯಲ್ಲಿ ಡಬ್ಬಿಗೆ ಚಾಕು ಬೇಕು, ಮಂಗಳೂರಿನ ಮೇ ತಿಂಗಳಲ್ಲಿ ಚಮಚ. ಬಣ್ಣ ತೆಗೆಯುವ ಶಕ್ತಿಯಲ್ಲಿ ಅದನ್ನು ಮೀರಿಸುವುದು ಕಷ್ಟ. ಯಕ್ಷಗಾನದ ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ವೇಷದ ಬಣ್ಣ ಇಳಿಸಲು ಅದನ್ನೇ ಬಳಸುತ್ತಾರೆ, ಮೇಣದ ಗೊಡವೆಯಿಲ್ಲದೆ. ಎಳ್ಳೆಣ್ಣೆ ಹಾಕಿದ ಕ್ರೀಮು ಒಳ್ಳೆಯದೇ, ಆದರೆ ಹಚ್ಚಿಕೊಂಡವರಿಂದ ದೀಪಾವಳಿ ಅಭ್ಯಂಜನದ ವಾಸನೆ ಬರುತ್ತದೆ.

ನೀರಿನ ವಿಷಯದಲ್ಲಿ ಜಿಪುಣತನ ಬೇಡ. ಬೋರ್‌ವೆಲ್‌ನ ಗಡಸು ನೀರು ಸಾಬೂನನ್ನು ಒಡೆಯುತ್ತದೆ. ಬಟ್ಟಿ ಇಳಿಸಿದ ನೀರೇ ಸರಿ. ಪನ್ನೀರು ಹಾಕುವುದಾದರೆ ಗುಲಾಬಿಯಿಂದ ಬಟ್ಟಿ ಇಳಿಸಿದ್ದೇ ಆಗಿರಲಿ, ಬರೀ ನೀರಿಗೆ ಸುಗಂಧ ಬೆರೆಸಿದ್ದು ಬೇಡ. ನಾನು ಸಂರಕ್ಷಕ ಹಾಕುವುದಿಲ್ಲ, ಆದ್ದರಿಂದ ಸ್ವಲ್ಪವೇ ಮಾಡಿ ಫ್ರಿಜ್ಜಿನಲ್ಲಿಟ್ಟು ಎರಡು ವಾರದಲ್ಲಿ ಮುಗಿಸುತ್ತೇನೆ.

ಬಿಳಿಗಾರ ಗ್ರಂಥಿಗೆ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆಂದು ಅಸಡ್ಡೆ ಬೇಡ. ಯುರೋಪ್ ಒಕ್ಕೂಟ ಅದನ್ನು ಸಂತಾನಶಕ್ತಿಗೆ ಹಾನಿ ಮಾಡಬಲ್ಲ ವಸ್ತುಗಳ ಸಾಲಿಗೆ ಸೇರಿಸಿದೆ. ಗರ್ಭಿಣಿಯರಿಗೆ, ಮಕ್ಕಳಿಗೆ, ಗಾಯವಾದ ಚರ್ಮಕ್ಕೆ ಈ ಕ್ರೀಮು ಸಲ್ಲದು. ಅಂಥವರಿಗೆ ನೀರಿಲ್ಲದ ಮುಲಾಮೇ ಸಾಕು. ಅರಿಸಿನ ಸೇರಿಸುವ ಆಸೆಯಿದ್ದರೂ ಆ ಮುಲಾಮಿಗೇ ಸೇರಿಸಿ. ಕೋಲ್ಡ್ ಕ್ರೀಮಿಗೆ ಹಾಕಿದರೆ ಬಿಳಿಗಾರದ ಕ್ಷಾರಕ್ಕೆ ಅರಿಸಿನ ಕೆಂಪಿಗೆ ತಿರುಗುತ್ತದೆ, ಸುಣ್ಣ ಸೇರಿಸಿ ಕುಂಕುಮ ಮಾಡುವಾಗ ಆಗುವ ಹಾಗೆಯೇ.